ಕಿವಿಯೇ ಮೀಟರ್ ಆಗಿದ್ದ ಕಸುಬು

ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಇಂದಿಗೂ ಓಡಿಸುವವರು ಗ್ಯಾರೇಜಿನಲ್ಲಿ ಆಗಾಗ ಹೇಳುವ ಮಾತೊಂದಿದೆ: ‘ಸಿಗ್ನಲ್‌ನಲ್ಲಿ ಆಫ್ ಆಗ್ತಿದೆ, ಸ್ವಲ್ಪ ಸ್ಲೋ ಜಾಸ್ತಿ ಮಾಡಿ.’ ಸ್ಲೋ ಎಂದರೆ ಐಡ್ಲಿಂಗ್, ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ. ಬಾನೆಟ್ ಎತ್ತಿ, ಕಾರ್ಬುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ದೂರು ಅಲ್ಲಿಗೆ ಮುಗಿದಂತೆ ಕಾಣುತ್ತದೆ. ಬಲ್ಲ ಮೆಕ್ಯಾನಿಕ್ ಹಾಗೆ ಮಾಡುವುದಿಲ್ಲ. ಅವನ ಕೈಗೆ ಸ್ಕ್ರೂಡ್ರೈವರ್ ಬರುವುದು ಕೊನೆಗೆ.

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರ್ಬುರೇಟರಿನ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿಕೊಳ್ಳುತ್ತದೆ. ಮುಖ್ಯ ಜೆಟ್‌ನಿಂದ ಪೆಟ್ರೋಲ್ ಎಳೆಯುವಷ್ಟು ಗಾಳಿ ಆಗ ಹರಿಯುವುದಿಲ್ಲ. ಆದರೆ ತಟ್ಟೆಯ ಕೆಳಗೆ, ಎಂಜಿನ್ ಕಡೆ, ನಿರ್ವಾತ ಜೋರಾಗಿರುತ್ತದೆ. ಪುಟ್ಟದೊಂದು ರಂಧ್ರದ ಮೂಲಕ ಎಂಜಿನ್ ತನಗೆ ಬೇಕಾದಷ್ಟನ್ನು ಹೀರಿಕೊಳ್ಳುತ್ತದೆ. ತಟ್ಟೆ ಎಷ್ಟು ತೆರೆದಿರಬೇಕೆಂದು ಥ್ರಾಟಲ್ ಸ್ಕ್ರೂ ತೀರ್ಮಾನಿಸಿದರೆ, ರಂಧ್ರದಿಂದ ಪೆಟ್ರೋಲ್-ಗಾಳಿಯ ಮಿಶ್ರಣ ಎಷ್ಟು ಬರಬೇಕೆಂದು ಮಿಕ್ಸ್ಚರ್ ಸ್ಕ್ರೂ. ಪದ್ಮಿನಿಯ 1089 ಸಿ.ಸಿ. ಎಂಜಿನ್ನಿಗೆ ನಾಲ್ಕು ಸಿಲಿಂಡರ್. ನಿಮಿಷಕ್ಕೆ 800 ಸುತ್ತು ತಿರುಗಿದರೆ 1,600 ಸಲ ಕಿಡಿ ಹಾರಬೇಕು. ನಡುವೆ ಒಂದು ತಪ್ಪಿದರೂ ಪಳಗಿದ ಕಿವಿಗೆ ಗೊತ್ತಾಗುತ್ತದೆ.

ಆ ತಪ್ಪು ಕಾರ್ಬುರೇಟರಿನದೇ ಆಗಿರಬೇಕೆಂದಿಲ್ಲ. ಪಾಯಿಂಟ್ ಸವೆದಿರಬಹುದು, ಟೈಮಿಂಗ್ ಹಿಂದೆ ಸರಿದಿರಬಹುದು, ಟ್ಯಾಪೆಟ್ ಬಿಗಿಯಾಗಿರಬಹುದು. ಪ್ಲಗ್ ಬಿಚ್ಚಿ ನೋಡುವುದು ಇದಕ್ಕಾಗಿಯೇ: ತುದಿ ಕಂದು ಬಣ್ಣವಿದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಾಗಿದ್ದರೆ ಕಡಿಮೆ. ಸವೆದ ಗ್ಯಾಸ್ಕೆಟ್‌ನಿಂದಲೋ ಬಿರುಕುಬಿಟ್ಟ ರಬ್ಬರ್ ಪೈಪಿನಿಂದಲೋ ಕಳ್ಳಗಾಳಿ ನುಗ್ಗುತ್ತಿದ್ದರಂತೂ ಯಾವ ಸ್ಕ್ರೂ ತಿರುಗಿಸಿಯೂ ಫಲವಿಲ್ಲ.

ಇವೆಲ್ಲ ಸರಿಯಾದ ಮೇಲೆ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಕಾಯಬೇಕು. ಚೋಕ್ ಪೂರ್ತಿ ಒಳಗಿರಬೇಕು. ನನಗೆ ಅತ್ಯಂತ ಪ್ರಿಯವಾದ ಘಟ್ಟ ಮುಂದಿನದು. ಮಿಕ್ಸ್ಚರ್ ಸ್ಕ್ರೂವನ್ನು ನಿಧಾನವಾಗಿ ಒಳಗೆ ತಿರುಗಿಸುತ್ತ ಹೋದಂತೆ ಎಂಜಿನ್ ತಡವರಿಸುತ್ತದೆ. ಹೊರಗೆ ತಿರುಗಿಸಿದರೆ ದನಿ ಭಾರವಾಗಿ ಕುಂಟುತ್ತದೆ. ಎರಡರ ನಡುವೆ ಒಂದು ಜಾಗದಲ್ಲಿ ವೇಗ ತಾನಾಗಿಯೇ ಏರಿ, ದನಿ ಒಂದೇ ಸಮನಾಗುತ್ತದೆ. ಏರಿದ ವೇಗವನ್ನು ಥ್ರಾಟಲ್ ಸ್ಕ್ರೂನಿಂದ ಇಳಿಸಿ, ಮತ್ತೆ ಮಿಕ್ಸ್ಚರ್ ಹುಡುಕಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ಕದಲುವುದರಿಂದ ಎರಡು-ಮೂರು ಸಲ ಹಿಂದೆಮುಂದೆ ಮಾಡದೆ ಗತಿಯಿಲ್ಲ. ಅವಸರದವರು ಸೋಲುವುದು ಇಲ್ಲೇ.

ಬರೀ ಥ್ರಾಟಲ್ ಸ್ಕ್ರೂ ಬಿಗಿದು ವೇಗ ಏರಿಸಿಟ್ಟರೆ ಪೆಟ್ರೋಲ್ ದಂಡ. ಕೀ ತೆಗೆದ ಮೇಲೂ ಎಂಜಿನ್ ಗೊರಗೊರ ಎನ್ನುತ್ತ ತಿರುಗಬಹುದು. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದರೆ ಗಾಡಿ ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಇಂಥ ಹಳೆಯ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3 ಮೀರುವಂತಿಲ್ಲ.

ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈ ಕೆಲಸವನ್ನು ಹೊಸದಾಗಿಸಿದೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಿಂದಿನ ಸೆಟ್ಟಿಂಗ್‌ಗೆ ಮಿಶ್ರಣ ತೆಳುವಾಗುತ್ತದೆ. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಪದ್ಮಿನಿಗೆ ಆ ಅನುಕೂಲವಿಲ್ಲ. ಮಿಕ್ಸ್ಚರ್ ಸ್ಕ್ರೂವನ್ನು ತುಸು ಹೊರಗೆ ತಿರುಗಿಸಿ ಐಡ್ಲಿಂಗ್ ಹೊಸದಾಗಿ ಹಿಡಿಯಬೇಕು. ಹಾಗೆಯೇ ಎಥನಾಲ್‌ಗೆ ಹಳೆಯ ರಬ್ಬರ್ ಬೇಗ ಹಾಳಾಗುವುದರಿಂದ ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಮನ್ನೂ ಆಗಲೇ ನೋಡಿಸಿಕೊಳ್ಳುವುದು ಒಳ್ಳೆಯದು.