ಕಾರ್ಯಾಚರಣ ವ್ಯವಸ್ಥೆಯ ಬದಲಾವಣೆಯೂ ಕನ್ನಡ ಪಾಠಗಳ ರಕ್ಷಣೆಯೂ

೧

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಕ್ಕೆ ಬದಲಿಸಬೇಕೆ, ಹಳೆಯದನ್ನೇ ಉಳಿಸಿಕೊಳ್ಳಬೇಕೆ ಎಂಬುದು ಮೇಲುನೋಟಕ್ಕೆ ಯಂತ್ರಜ್ಞರು ತೀರ್ಮಾನಿಸತಕ್ಕ ವಿಷಯವಾಗಿ ಕಾಣುತ್ತದೆ. ಕನ್ನಡ ವಿದ್ವಾಂಸನ ಮಟ್ಟಿಗೆ ಅದು ಗ್ರಂಥಸಂಪಾದನೆಯ ವಿಷಯವೂ ಹೌದು. ಆತನ ಯಂತ್ರದಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಕೂಡಿಟ್ಟ ಟಿಪ್ಪಣಿಗಳು, ಪಾಠಾಂತರಗಳ ಪಟ್ಟಿಗಳು, ಪಾಡ್ದನಗಳ ಸಂಗ್ರಹ, ಅಚ್ಚಾಗದ ಪ್ರಬಂಧಗಳು ಇರುತ್ತವೆ. ವ್ಯವಸ್ಥೆಯು ಬದಲಾದ ಮೇಲೆ ಇವು ಓದಲು ಬರುತ್ತವೆಯೆ ಎಂಬುದೇ ಮೊದಲು ವಿಚಾರಿಸತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ತ್ವರೆಯೊದಗಿದ ಕಾರಣವು ಇಷ್ಟು. ೨೦೧೫ನೆಯ ಜುಲೈ ೨೯ರಂದು ಹೊರಬಂದ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಅದರ ತಯಾರಕರಾದ ಮೈಕ್ರೋಸಾಫ್ಟ್ ಸಂಸ್ಥೆಯವರು ನೀಡುತ್ತಿದ್ದ ಸಾಮಾನ್ಯ ಪೋಷಣೆಯು ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಖಾಸಗಿ ಬಳಕೆದಾರರಿಗೆ ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ೨೦೨೬ನೆಯ ಅಕ್ಟೋಬರ್ ೧೩ರ ವರೆಗೆ ಒದಗಿಸುವುದಾಗಿ ಅವಧಿ ಗೊತ್ತುಮಾಡಲಾಯಿತು. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಎಲ್ಲ ಯಂತ್ರಗಳನ್ನೂ ಒಪ್ಪುವುದಿಲ್ಲ. ಅದಕ್ಕೆ ಟಿಪಿಎಂ ೨.೦ ಎಂಬ ಭದ್ರತಾಸಾಧನವೂ, ಸಂಸ್ಥೆಯವರ ಪಟ್ಟಿಯಲ್ಲಿರುವ ೬೪ ಬಿಟ್ಟಿನ ಸಂಸ್ಕಾರಕವೂ, ಕನಿಷ್ಠ ೪ ಗಿಗಾಬೈಟ್ ಸ್ಮೃತಿಯೂ ಬೇಕು. ಆದಕಾರಣ ಉಡುಪಿ ಮಣಿಪಾಲಗಳ ಕಾಲೇಜಿನ ವಿಭಾಗದಲ್ಲಾಗಲಿ, ಕಾಪು ಕಾರ್ಕಳಗಳ ಮನೆಯೊಂದರ ಓದುಕೋಣೆಯಲ್ಲಾಗಲಿ ಚೆನ್ನಾಗಿಯೇ ನಡೆಯುತ್ತಿರುವ ಹಳೆಯ ಯಂತ್ರವೂ ಈ ಹೊಸ ವ್ಯವಸ್ಥೆಗೆ ಅನರ್ಹವಾಗಬಹುದು.

೨

ಬರಹವನ್ನು ಹೊತ್ತ ಸಾಧನಗಳನ್ನು ಒಂದಕ್ಕೊಂದು ಹೋಲಿಸಿದರೆ ವಿಷಯವು ತಿಳಿಯಾಗುತ್ತದೆ. ಕಾರ್ಕಳದಲ್ಲಿ ೧೪೩೨ರಲ್ಲಿ ವೀರಪಾಂಡ್ಯನು ಗೊಮ್ಮಟಮೂರ್ತಿಯನ್ನು ಪ್ರತಿಷ್ಠಿಸಿದ ಸಂಗತಿಯು ಕಲ್ಲಿನಲ್ಲಿದೆ. ಅದನ್ನು ಓದುವುದಕ್ಕೆ ಕಣ್ಣೂ ಲಿಪಿಜ್ಞಾನವೂ ಸಾಕು. ತಾಳೆಗರಿಗೆ ಇಷ್ಟು ಬಾಳಿಕೆಯಿಲ್ಲ. ಕರಾವಳಿಯ ತೇವಕ್ಕೂ ಹುಳುವಿಗೂ ಅಂಜಿ ಅದನ್ನು ಕಾಲಕಾಲಕ್ಕೆ ಪ್ರತಿಮಾಡಬೇಕಾಗುತ್ತಿತ್ತು. ಕಾರ್ಕಳಕ್ಕೆ ಸಮೀಪದ ಮೂಡುಬಿದಿರೆಯಲ್ಲಿದ್ದ ಧವಳಾಗ್ರಂಥವು ಹಳಗನ್ನಡ ಲಿಪಿಯ ಗರಿಗಳಿಂದ ನಾಗರೀ ಲಿಪಿಗೂ ಈಚಿನ ಕನ್ನಡ ಲಿಪಿಗೂ ಪ್ರತಿಯಾದ ತರುವಾಯವೇ ೧೯೩೯ರಲ್ಲಿ ಅದರ ಮೊದಲ ಸಂಪುಟವು ಅಚ್ಚಾಯಿತು. ಹಳೆಯದನ್ನು ಓದಬಲ್ಲವರು ಇದ್ದಾಗಲೇ ಹೊಸ ಪ್ರತಿ ಸಿದ್ಧವಾದುದರಿಂದ ಗ್ರಂಥವು ಉಳಿಯಿತು. ಮುದ್ರಿತ ಪುಸ್ತಕಕ್ಕೂ ಮಧ್ಯವರ್ತಿ ಬೇಡ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು, ಕಾಪುವಿನ ಬಳಿಯ ಮಜೂರಿನವರಾದ ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ೧೯೮೮ರಿಂದ ೧೯೯೭ರ ವರೆಗೆ ಹೊರತಂದ ತುಳು ನಿಘಂಟುವಿನ ಆರು ಸಂಪುಟಗಳನ್ನು ಕಪಾಟಿನಿಂದ ತೆಗೆದು ಇಂದಿಗೂ ನೇರವಾಗಿ ಓದಬಹುದು.

ಗಣಕದ ಕಡತದ ರೀತಿ ಬೇರೆ. ಅದರಲ್ಲಿರುವುದು ಅಂಕಿಗಳ ಸಾಲು. ಆ ಅಂಕಿಗಳು ಅಕ್ಷರಗಳಾಗಿ ತೋರಬೇಕಾದರೆ ಯಂತ್ರ, ಕಾರ್ಯಾಚರಣ ವ್ಯವಸ್ಥೆ, ಬರೆಹದ ತಂತ್ರಾಂಶ, ಅಕ್ಷರಗಳ ಆಕಾರವನ್ನೊಳಗೊಂಡ ಫಾಂಟು ಎಂಬ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪಾಠವು ಇದ್ದೂ ಇಲ್ಲದಂತಾಗುತ್ತದೆ.

೩

ಕನ್ನಡದ ಕಡತಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯ ಬಗೆಯವು ನುಡಿ, ಬರಹ, ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಆ ಫಾಂಟುಗಳಲ್ಲಿ ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತಕ್ಷರಗಳ ಆಕಾರಗಳನ್ನು ತುಂಬಿದ್ದರು. ಕಡತಕ್ಕೆ ಕನ್ನಡವು ತಿಳಿಯದು. ಫಾಂಟು ಅದಕ್ಕೆ ಕನ್ನಡದ ವೇಷವನ್ನು ತೊಡಿಸುತ್ತಿತ್ತು. ಫಾಂಟು ಇಲ್ಲವಾದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಷ್ಟೇ ಉಳಿಯುತ್ತದೆ.

ಎರಡನೆಯ ಬಗೆಯವು ಯೂನಿಕೋಡ್ ಸಂಕೇತದವು. ೧೯೯೧ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಿಂದಲೂ ಇದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನಗಳುಂಟು. ೨೦೦೧ರ ವಿಂಡೋಸ್ ಎಕ್ಸ್‌ಪಿಯು ತುಂಗಾ ಎಂಬ ಫಾಂಟಿನೊಡನೆ ಇದನ್ನು ಕನ್ನಡಿಗರ ಮೇಜಿಗೆ ತಂದಿತು. ಈಚಿನ ವಿಂಡೋಸ್‌ಗಳಲ್ಲಿ ತುಂಗಾ ತಾನಾಗಿ ಬರುವುದಿಲ್ಲ, ಬೇಕಾದವರು ಸೇರಿಸಿಕೊಳ್ಳಬೇಕು. ಆದರೂ ತುಂಗಾದಲ್ಲಿ ಬರೆದ ಯೂನಿಕೋಡ್ ಕಡತವು ಇನ್ನೊಂದು ಫಾಂಟಿನಲ್ಲಿ ಓದಲು ಬರುತ್ತದೆ. ವೇಷ ಬದಲಾದರೂ ಪಾಠವು ಕೆಡುವುದಿಲ್ಲ ಎಂಬುದಕ್ಕೆ ಇದೇ ನಿದರ್ಶನ.

ಎರಡರ ಅಂತರವನ್ನು ‘ಅರ್ಕ’ ಎಂಬ ಶಬ್ದದಲ್ಲಿ ಕಾಣಬಹುದು. ಉಚ್ಚಾರದಲ್ಲಿ ರಕಾರವು ಮೊದಲು, ಕಕಾರವು ಅನಂತರ. ಬರೆವಣಿಗೆಯಲ್ಲಿ ಕಕಾರವು ಮೊದಲು, ಅರ್ಕಾವೊತ್ತು ಅನಂತರ. ಹಳೆಯ ಫಾಂಟಿನ ಕಡತವು ಕಣ್ಣಿನ ಕ್ರಮವನ್ನು ಅನುಸರಿಸುತ್ತದೆ, ಯೂನಿಕೋಡ್ ಕಿವಿಯ ಕ್ರಮವನ್ನು ಅನುಸರಿಸುತ್ತದೆ. ಕಿವಿಯ ಕ್ರಮವು ಶಬ್ದವನ್ನು ಹುಡುಕುವುದಕ್ಕೂ ಅಕಾರಾದಿಯಾಗಿ ಜೋಡಿಸುವುದಕ್ಕೂ ಅನುಕೂಲ. ಹಳಗನ್ನಡದ ೞ, ಱಗಳಿಗೂ ಇದರಲ್ಲಿ ಸ್ಥಾನವಿದೆ. ೞಕಾರವು ‘ಫ’ ಎಂಬ ತಪ್ಪು ಹೆಸರಿನಿಂದ ದಾಖಲಾಗಿ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿದ್ದುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಪಡೆಯಬೇಕಾಯಿತು. ಅಕ್ಷರದ ಬಳಕೆಗೆ ಇದರಿಂದ ಬಾಧೆಯಿಲ್ಲ.

೪

ವ್ಯವಸ್ಥೆಯನ್ನು ಬದಲಿಸಿದರೆ ಬೆರಳಿನ ಅಭ್ಯಾಸವು ವ್ಯರ್ಥವಾಗುವುದೆಂಬ ಅಂಜಿಕೆಯೂ ಹಲವರಲ್ಲಿ ಇದೆ. ಇದಕ್ಕೆ ಸಮಾಧಾನವು ಮಣಿಪಾಲದೊಡನೆ ಬಹುಕಾಲದ ಸಂಬಂಧವುಳ್ಳ ಕೆ. ಪಿ. ರಾಯರ ಕೆಲಸದಲ್ಲಿ ದೊರೆಯುತ್ತದೆ. ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಇವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಅಲ್ಪ ಮಾರ್ಪಾಟಿನೊಡನೆ ೨೦೦೦ದ ಸುಮಾರಿಗೆ ರಾಜ್ಯದ ಶಿಷ್ಟ ವಿನ್ಯಾಸವಾಯಿತು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬಳಕೆಯಾದುದೂ ಅದೇ. ಅದರಲ್ಲಿ ವ್ಯಂಜನವನ್ನು ಒತ್ತಿ, ಸ್ವರವನ್ನು ಒತ್ತಿ, ಸಂಯುಕ್ತಾಕ್ಷರ ಬೇಕಾದಲ್ಲಿ ನಡುವೆ ವಿರಾಮದ ಕೀಲಿಯನ್ನು ಒತ್ತುವುದು ಕ್ರಮ. ಎಂದರೆ ಕಡತವು ಕಣ್ಣಿನ ಕ್ರಮದಲ್ಲಿದ್ದ ಕಾಲದಲ್ಲಿಯೂ ಕನ್ನಡಿಗರ ಬೆರಳು ಕಿವಿಯ ಕ್ರಮದಲ್ಲಿಯೇ ನಡೆಯುತ್ತಿತ್ತು. ಆದಕಾರಣ ಯೂನಿಕೋಡಿಗೆ ಸಾಗುವವನು ಹೊಸ ಕೀಲಿಮಣೆಯನ್ನು ಕಲಿಯಬೇಕಾಗಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲಿಯೂ, ಲಿನಕ್ಸ್ ವ್ಯವಸ್ಥೆಯಲ್ಲಿ ‘ಕಗಪ’ ಎಂಬ ಹೆಸರಿನಲ್ಲಿಯೂ ಈ ವಿನ್ಯಾಸವು ದೊರೆಯುತ್ತದೆ.

೫

ಇನ್ನು ತೀರ್ಮಾನದ ಮಾತು. ಹಳೆಯ ಯಂತ್ರವುಳ್ಳವನಿಗೆ ಮಾರ್ಗಗಳು ಮೂರು. ಹಳೆಯ ವ್ಯವಸ್ಥೆಯಲ್ಲಿಯೇ ನಿಲ್ಲುವುದು ಮೊದಲನೆಯದು. ಖರ್ಚಿಲ್ಲದಿದ್ದರೂ ಭದ್ರತೆಯ ತಿದ್ದುಪಡಿ ನಿಂತ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿಟ್ಟರೆ ಅದರೊಳಗಿನ ಕಡತಗಳಿಗೇ ಅಪಾಯ. ಹೊಸ ಯಂತ್ರದೊಡನೆ ವಿಂಡೋಸ್ ೧೧ನ್ನು ಪಡೆಯುವುದು ಎರಡನೆಯದು. ಇದರಲ್ಲಿ ಖರ್ಚು ಹೆಚ್ಚು. ೬೪ ಬಿಟ್ಟಿನ ವ್ಯವಸ್ಥೆ ಮಾತ್ರವಾದುದರಿಂದ ೧೯೯೦ರ ದಶಕದ ೧೬ ಬಿಟ್ಟಿನ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಹಳೆಯ ಯಂತ್ರಕ್ಕೇ ಲಿನಕ್ಸನ್ನು ಹಾಕುವುದು ಮೂರನೆಯದು. ಬೆಲೆಯಿಲ್ಲ, ಕನ್ನಡವೂ ಚೆನ್ನಾಗಿ ಮೂಡುತ್ತದೆ; ಆದರೆ ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶಗಳು ಹಾಗೆಯೇ ನಡೆಯುವುದಿಲ್ಲ. ಮುದ್ರಣಾಲಯಗಳು ಬಳಸಿದ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದು. ಅದರ ಕಡತಗಳಿಗೆ ಹಳೆಯ ಯಂತ್ರವನ್ನು ಅಂತರಜಾಲದಿಂದ ಬಿಡಿಸಿ, ಓದುವುದಕ್ಕಾಗಿಯೇ ಇಟ್ಟುಕೊಳ್ಳುವುದು ಲೇಸು.

ಎಂದೆಂದಿಗೂ ಹಳೆಯದರಲ್ಲಿ ನಿಲ್ಲುವುದರಿಂದ ಆಗುವ ನಷ್ಟವನ್ನೂ ಎಣಿಸಬೇಕು. ಕರಾವಳಿಯ ಓಲೆಗರಿಗಳಲ್ಲಿ ಬಳಕೆಯಲ್ಲಿದ್ದ ತುಳು ಅಥವಾ ತಿಗಳಾರಿ ಲಿಪಿಯು ೨೦೨೪ನೆಯ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ ೧೬ನೆಯ ಆವೃತ್ತಿಯಲ್ಲಿ ಸೇರಿತು. ಇಂಥ ಹೊಸ ಲಿಪಿಗಳು ಸರಿಯಾಗಿ ಮೂಡಲು ಹೊಸ ಫಾಂಟೂ ಅದನ್ನರಿತ ಹೊಸ ವ್ಯವಸ್ಥೆಯೂ ಬೇಕಾಗುತ್ತವೆ.

ಮಾರ್ಗವು ಯಾವುದೇ ಆಗಲಿ, ಪಾಠವನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವು ಹಳೆಯ ಯಂತ್ರವು ನಡೆಯುತ್ತಿರುವಾಗಲೇ ಆಗತಕ್ಕದ್ದು. ಪರಿವರ್ತಕಗಳು ಸುಲಭವಾಗಿ ದೊರೆಯುತ್ತವೆ. ಆದರೆ ಓಲೆಯ ಪ್ರತಿಕಾರನಂತೆ ಅವೂ ತಪ್ಪುತ್ತವೆ. ಆದುದರಿಂದ ಮೊದಲು ಮೂಲಕಡತದ ಎರಡು ಪ್ರತಿಗಳನ್ನು ಬೇರೆ ಬೇರೆ ಎಡೆಗಳಲ್ಲಿ ಇಡಬೇಕು. ಎರಡನೆಯದಾಗಿ, ಫಾಂಟನ್ನು ಒಳಗೊಂಡ ಪಿಡಿಎಫ್ ರೂಪವನ್ನು ತೆಗೆದಿಡಬೇಕು. ಅದು ಪುಟದ ಛಾಯಾಪ್ರತಿಯಂತೆ ಮುಂದೆ ಸಾಕ್ಷಿಯಾಗುತ್ತದೆ. ಮೂರನೆಯದಾಗಿ, ಅರ್ಕಾವೊತ್ತು, ಅವಗ್ರಹ, ೞಕಾರ, ಱಕಾರ, ಮೂರು ವ್ಯಂಜನಗಳ ಸಂಯೋಗ, ನಡುನಡುವೆ ಇಂಗ್ಲಿಷ್ ಶಬ್ದಗಳು ಇವೆಲ್ಲ ಇರುವ ಒಂದು ಪುಟವನ್ನು ಆರಿಸಿ, ಪರಿವರ್ತಿಸಿ, ಅಕ್ಷರಕ್ಕೆ ಅಕ್ಷರವಾಗಿ ಮೂಲದೊಡನೆ ಒಪ್ಪಿಟ್ಟು ನೋಡಬೇಕು. ಫಾಂಟಿನ ವಿವರವನ್ನು ಬಿಟ್ಟು ಬರಿಯ ಪಾಠವನ್ನು ಪರಿವರ್ತಕಕ್ಕೆ ಕೊಟ್ಟರೆ, ನಿಜವಾದ ಇಂಗ್ಲಿಷ್ ಶಬ್ದಗಳೂ ಅರ್ಥವಿಲ್ಲದ ಕನ್ನಡವಾಗುವುದುಂಟು. ಆ ಪುಟವು ಶುದ್ಧವಾಗಿ ಬಂದ ಮೇಲೆಯೇ ಉಳಿದುದಕ್ಕೆ ಕೈಹಾಕಬೇಕು.

ಹೀಗೆ ಪಾಠಗಳು ಯೂನಿಕೋಡಿನಲ್ಲಿ ನೆಲೆಗೊಂಡ ವಿದ್ವಾಂಸನಿಗೆ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆಯು ಬೆಲೆ ಸೌಕರ್ಯಗಳ ಲೆಕ್ಕವಷ್ಟೇ ಆಗುತ್ತದೆ. ಮುಂದಿನ ಬದಲಾವಣೆಗೂ ಆತನು ಅಂಜಬೇಕಾಗಿಲ್ಲ. ಹಾಗೆ ನೆಲೆಗೊಳ್ಳದಿದ್ದವನು ಹೊಸ ವ್ಯವಸ್ಥೆಗೆ ಅವಸರದಿಂದ ಹಾರಿದರೂ ಕೆಡುತ್ತಾನೆ, ಹಳೆಯದನ್ನು ನೆಚ್ಚಿ ಕುಳಿತರೂ ಯಂತ್ರವು ಕೆಟ್ಟ ದಿನ ಕೆಡುತ್ತಾನೆ. ತರಗತಿಯಲ್ಲಿ ಪಾಠಾಂತರಗಳ ಬೆಲೆಯನ್ನು ಬೋಧಿಸುವ ಅಧ್ಯಾಪಕರು ತಮ್ಮ ಕಡತಗಳ ವಿಷಯದಲ್ಲಿಯೂ ಅದೇ ಎಚ್ಚರವನ್ನು ವಹಿಸುವುದು ಯುಕ್ತ.