ಅಧಿಕಾರದ ಹಂಚಿಕೆ ಮತ್ತು ಹೊಣೆಗಾರಿಕೆ

ಕೈಕೆಳಗಿನವರಿಗೆ ಕೆಲಸವನ್ನು ವಹಿಸುವುದು ಸುಲಭ. ಆ ಕೆಲಸಕ್ಕೆ ಅಗತ್ಯವಾದ ಅಧಿಕಾರವನ್ನು ವಹಿಸುವುದು ಕಷ್ಟ. ಹೊಣೆಯನ್ನು ಮಾತ್ರ ಕೊಟ್ಟು ಅಧಿಕಾರವನ್ನು ತನ್ನಲ್ಲಿಯೇ ಉಳಿಸಿಕೊಳ್ಳುವ ಮೇಲ್ವಿಚಾರಕನ ಮೇಜಿನ ಮೇಲೆ ಕಡತಗಳು ಬೆಳೆಯುತ್ತವೆ. ಸಿಬ್ಬಂದಿಯಲ್ಲಿ ಅಪ್ಪಣೆಗಾಗಿ ಕಾಯುವ ಅಭ್ಯಾಸ ಬೆಳೆಯುತ್ತದೆ. ಇಂತಹ ವಿಳಂಬದ ಬೆಲೆ ಎಷ್ಟೆಂಬುದನ್ನು ಮುಂಬಯಿ ನಗರವು 2020ರಲ್ಲಿ ಕಂಡಿತು.

2011ರ ಜನಗಣತಿಯಂತೆ ಬೃಹನ್ಮುಂಬಯಿಯ ಜನಸಂಖ್ಯೆ 1.24 ಕೋಟಿ. ಕೊಲಾಬಾದಿಂದ ಮುಲುಂಡ್ ಹಾಗೂ ದಹಿಸರ್‌ವರೆಗೆ ಹಬ್ಬಿದ ಈ ನಗರದಲ್ಲಿ ಕೋವಿಡ್ ಹರಡಿದಾಗ, ಆಸ್ಪತ್ರೆಯ ಹಾಸಿಗೆಗಾಗಿ ಜನರು 1916 ಎಂಬ ಕೇಂದ್ರ ಸಹಾಯವಾಣಿಯನ್ನು ಅವಲಂಬಿಸಿದ್ದರು. ಕರೆಗಳೆಲ್ಲ ಒಂದೇ ಕಡೆ ಮುತ್ತಿದವು. ರೋಗಿಗಳ ಬಂಧುಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. 2020ರ ಜೂನ್‌ನಲ್ಲಿ ಮಹಾನಗರಪಾಲಿಕೆಯು ಈ ಕಾರ್ಯವನ್ನು ತನ್ನ 24 ವಾರ್ಡ್‌ಗಳಿಗೆ ವಹಿಸಿ, ಪ್ರತಿಯೊಂದರಲ್ಲಿಯೂ ‘ವಾರ್ ರೂಂ’ ತೆರೆಯಿತು.

ಪ್ರಯೋಗಾಲಯಗಳ ವರದಿಗಳು ಮೊದಲು ಪಾಲಿಕೆಯನ್ನು ತಲುಪಿ, ವಿಳಾಸಕ್ಕನುಗುಣವಾಗಿ ಆಯಾ ವಾರ್ಡ್‌ಗೆ ಹೋಗುತ್ತಿದ್ದವು. ಅಲ್ಲಿನ ವೈದ್ಯರು ರೋಗಿಯ ಸ್ಥಿತಿಯನ್ನು ವಿಚಾರಿಸಿ, ಮನೆಯಲ್ಲಿಯೇ ಆರೈಕೆ ಸಾಕೇ, ಆಸ್ಪತ್ರೆ ಬೇಕೇ ಎಂಬುದನ್ನು ನಿರ್ಧರಿಸುತ್ತಿದ್ದರು. ನಿರ್ಧಾರದೊಡನೆ ಅದನ್ನು ಜಾರಿಗೊಳಿಸುವ ಸಾಧನಗಳೂ, ಎಂದರೆ ದೂರವಾಣಿ, ವೈದ್ಯರು, ಆಂಬುಲೆನ್ಸ್, ವಾರ್ಡ್‌ನ ಕೈಯಲ್ಲಿದ್ದವು. ನಿಯಮಗಳ ರಚನೆ ಮತ್ತು ಒಟ್ಟು ಮೇಲ್ವಿಚಾರಣೆ ಮಾತ್ರ ಕೇಂದ್ರ ಕಚೇರಿಯಲ್ಲಿ ಉಳಿದವು.

2021ರ ಏಪ್ರಿಲ್‌ನ ಎರಡನೆಯ ಅಲೆಯಲ್ಲಿ ಹಾಸಿಗೆಗಳೇ ಸಾಲದಾದಾಗ ಈ ಕೇಂದ್ರಗಳೂ ಒತ್ತಡಕ್ಕೆ ಸಿಲುಕಿದವು. ಅಧಿಕಾರದ ಹಂಚಿಕೆಯು ಇಲ್ಲದ ಸೌಲಭ್ಯವನ್ನು ಸೃಷ್ಟಿಸಲಾರದು. ಇರುವ ಸೌಲಭ್ಯವು ಬೇಗನೆ ಅರ್ಹರಿಗೆ ದೊರೆಯುವಂತೆ ಮಾಡಬಲ್ಲದು.

ಈ ತತ್ತ್ವ ಹೊಸದಲ್ಲ. ಮುಂಬಯಿ ಮಹಾನಗರಪಾಲಿಕೆಯ 1888ರ ಅಧಿನಿಯಮದ 68ನೆಯ ಪ್ರಕರಣದಂತೆ, ಆಯುಕ್ತರು ತಮ್ಮ ಕೆಲವು ಅಧಿಕಾರಗಳನ್ನು ಇತರ ಅಧಿಕಾರಿಗಳಿಗೆ ವಹಿಸಬಹುದು. ಆದರೆ ಅವುಗಳ ಚಲಾವಣೆ ಆಯುಕ್ತರ ನಿಯಂತ್ರಣಕ್ಕೂ ಪುನರ್ವಿಮರ್ಶೆಗೂ ಒಳಪಟ್ಟಿರುತ್ತದೆ.

ಕಚೇರಿಯಾಗಲಿ, ಕಾರ್ಖಾನೆಯಾಗಲಿ, ಮೇಲ್ವಿಚಾರಕರು ನಾಲ್ಕು ಅಂಶಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ವಹಿಸಿದ ಅಧಿಕಾರದ ಮೇರೆಯನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಬೇಕು. ಎರಡನೆಯದಾಗಿ, ಕೆಲಸಕ್ಕೆ ತಕ್ಕ ಸಿಬ್ಬಂದಿ, ಹಣ, ಮಾಹಿತಿಗಳನ್ನು ಒದಗಿಸಬೇಕು. ಮೂರನೆಯದಾಗಿ, ಪ್ರಗತಿಯನ್ನು ಗೊತ್ತಾದ ಅವಧಿಗೊಮ್ಮೆ ಪರಿಶೀಲಿಸಬೇಕು; ನಿತ್ಯವೂ ನಡುವೆ ಕೈಹಾಕಬಾರದು. ನಾಲ್ಕನೆಯದಾಗಿ, ಅಧಿಕಾರವನ್ನು ವಹಿಸಿದ ಮಾತ್ರಕ್ಕೆ ತನ್ನ ಹೊಣೆ ಕಳೆಯಿತೆಂದು ಭಾವಿಸಬಾರದು. ಸಹಾಯಕನು ಸದ್ಭಾವನೆಯಿಂದ ಕೈಗೊಂಡ ನಿರ್ಧಾರ ತಪ್ಪಿದಾಗ ಅವನ ಬೆಂಬಲಕ್ಕೆ ನಿಲ್ಲುವ ಮೇಲಧಿಕಾರಿಯ ಕೈಕೆಳಗೆ ಮಾತ್ರ, ಮುಂದಿನ ನಿರ್ಧಾರವನ್ನು ಕೈಗೊಳ್ಳುವ ಧೈರ್ಯ ಉಳಿಯುತ್ತದೆ.