ನೀರಿನ ಬಟ್ಟಲಲ್ಲಿ ಬೆಕ್ಕಿನ ಮರಿಯ ಆಟ

ಮನೆಯಲ್ಲಿ ಬೆಕ್ಕಿನ ಮರಿ ಇರುವವರಿಗೆ ಈ ಆಟ ಹೊಸದಲ್ಲ. ಕುಡಿಯಲೆಂದು ಇಟ್ಟ ನೀರಿಗೆ ಅದು ಬಾಯಿ ಹಾಕುವ ಮೊದಲು ಮುಂಗಾಲು ಅದ್ದುತ್ತದೆ. ನೀರನ್ನು ಕಲಕುತ್ತದೆ, ಕಾಲು ನೆಕ್ಕುತ್ತದೆ, ಕೊನೆಗೆ ಬಟ್ಟಲನ್ನೇ ಮಗುಚಿ ಹಾಕಿ ಒದ್ದೆ ಕಾಲಿನಲ್ಲಿ ಮುಸಲ್ಲಾದ ಮೇಲೆ ಓಡಾಡುತ್ತದೆ. ಟೈಲ್ಸ್ ಹಾಕಿದ ಮನೆಯಾದರೆ ಹಿರಿಯರು ಜಾರಿ ಬೀಳುವ ಭಯ ಬೇರೆ. "ಈ ಪೀಡೆಯನ್ನು ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟಿನಲ್ಲಿ ಬಿಟ್ಟು ಬನ್ನಿ" ಎಂಬ ಮಾತು ಬರುವುದು ಆಗಲೇ. ಅಷ್ಟು ದೂರ ಹೋಗದವರು ನೀರಿಡುವುದನ್ನೇ ನಿಲ್ಲಿಸಿ ಬಿಡುತ್ತಾರೆ.

ಎರಡೂ ಸರಿಯಲ್ಲ. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ನೆಲದ ಹುಳಹುಪ್ಪಟೆ ತಿಂದು ಬದುಕಲೂ ಬಿಡದೆ ಸಾಯಿಸಿದ ಮಹಿಳೆಯೊಬ್ಬಳು ನರಕ ಶಿಕ್ಷೆಗೆ ಗುರಿಯಾದ ವಿಷಯವನ್ನು ಪ್ರವಾದಿ(ಸ) ತಿಳಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ. ಬೇಟೆಯಾಡಲು ಕಲಿಯದ ಮರಿಯನ್ನು ಬೀದಿ ನಾಯಿಗಳ ನಡುವೆ ಬಿಟ್ಟು ಬರುವುದು ಇದಕ್ಕಿಂತ ಬಹಳ ದೂರದ ಕೆಲಸವೇನೂ ಅಲ್ಲ.

ಮರಿ ಹೀಗೇಕೆ ಮಾಡುತ್ತದೆ? ಹಟದಿಂದಲ್ಲ. ಗೇಣು ದೂರದೊಳಗಿನ ವಸ್ತು ಬೆಕ್ಕಿನ ಕಣ್ಣಿಗೆ ಸ್ಪಷ್ಟವಾಗಿ ಕಾಣದು. ಅಲುಗಾಡದ ನೀರಿನ ಮಟ್ಟ ಎಲ್ಲಿದೆಯೆಂದು ತಿಳಿಯಲು ಅದು ಕಾಲಿನಿಂದ ಮುಟ್ಟಿ ನೋಡುತ್ತದೆ. ನೀರು ಅಲುಗಿ ಮಿನುಗಿದಾಗ ಬೇಟೆಯ ಸ್ವಭಾವ ಎಚ್ಚರಗೊಳ್ಳುತ್ತದೆ. ಕಿರಿದಾದ ಬಟ್ಟಲಿನ ಅಂಚಿಗೆ ಮೀಸೆ ತಾಗುವುದನ್ನು ಇಷ್ಟಪಡದ ಬೆಕ್ಕುಗಳೂ ಇವೆ.

ಇನ್ನು ಮಹಿಳೆಯರನ್ನು ಹೆಚ್ಚು ಕಾಡುವ ಪ್ರಶ್ನೆ: ಚೆಲ್ಲಿದ ಆ ನೀರು ನಜಸೇ? ಹಝ್ರತ್ ಅಬೂ ಕತಾದ(ರ) ಒಮ್ಮೆ ಮಗನ ಮನೆಗೆ ಬಂದಾಗ ಸೊಸೆ ಕಬ್ಶಾ ಅವರಿಗೆ ವುಝೂಗೆ ನೀರಿಟ್ಟರು. ಬೆಕ್ಕೊಂದು ಕುಡಿಯಲು ಬಂತು. ಅವರು ಅದನ್ನು ಓಡಿಸಲಿಲ್ಲ. ಅದು ಕುಡಿದು ಮುಗಿಸುವವರೆಗೆ ಪಾತ್ರೆಯನ್ನು ಓರೆ ಮಾಡಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡುವುದನ್ನು ಕಂಡು, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ಸುತ್ತಮುತ್ತ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ) ಹೇಳಿರುವುದನ್ನು ತಿಳಿಸಿದರು. ಅಬೂದಾವೂದ್, ತಿರ್ಮಿದಿ ಮುಂತಾದ ಗ್ರಂಥಗಳಲ್ಲಿ ಇದು ವರದಿಯಾಗಿದೆ. ಅತ್ತೆ ಮಾವಂದಿರ ಮನೆಯಲ್ಲಿ ಬೆಕ್ಕಿನ ವಿಷಯಕ್ಕೆ ಮಾತು ಕೇಳುವ ಸೊಸೆಯಂದಿರು ಈ ಮಾವನ ಹದೀಸನ್ನು ನೆನಪಿಟ್ಟುಕೊಳ್ಳಬಹುದು!

ಶಾಫಿಈ ಮದ್‌ಹಬ್‌ನಲ್ಲಿ ಬೆಕ್ಕು ಕುಡಿದುಳಿದ ನೀರು ಶುದ್ಧ. ಬೇರೆ ನೀರಿರುವಾಗ ಅದರಿಂದ ವುಝೂ ಮಾಡುವುದು ಹನಫೀ ಮದ್‌ಹಬ್‌ನಲ್ಲಿ ಮಕ್ರೂಹ್, ಆದರೆ ನೀರು ನಜಸ್ ಅಲ್ಲ. ಮುಸಲ್ಲಾಕ್ಕೆ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ. ಕಾಲಿಗೆ ಮಲಮೂತ್ರ ಅಂಟಿರುವುದು ಕಂಡರೆ ಮಾತ್ರ ತಾಗಿದ ಜಾಗವನ್ನು ತೊಳೆಯಬೇಕು.

ಉಪಾಯಗಳು ಸುಲಭ. ಹಗುರವಾದ ಪ್ಲಾಸ್ಟಿಕ್ ಬಟ್ಟಲು ತೆಗೆದು, ಅಗಲವೂ ಭಾರವೂ ಆದ ಮಣ್ಣಿನ ಅಥವಾ ಪಿಂಗಾಣಿಯ ಪಾತ್ರೆ ಇಡಿ. ಅಡಿಯಲ್ಲಿ ಅಂಚಿರುವ ಟ್ರೇ ಅಥವಾ ಹಳೆಯ ಟವೆಲ್ ಇರಲಿ. ನೀರಿನ ಮಟ್ಟ ದಿನವೂ ಒಂದೇ ಆಗಿರಲಿ. ತಿಂಡಿಯ ತಟ್ಟೆಯಿಂದ ದೂರ, ಜನ ಓಡಾಡದ ಮೂಲೆಯಲ್ಲಿಡಿ. ದಿನಕ್ಕೆರಡು ಬಾರಿ ಹಗ್ಗದ ತುಂಡೋ ಕಾಗದದ ಉಂಡೆಯೋ ಹಿಡಿದು ಮಕ್ಕಳು ಅದರೊಂದಿಗೆ ಆಡಲಿ. ದಣಿದ ಮರಿಗೆ ನೀರಿನ ಗೊಡವೆ ಕಡಿಮೆ. ಹೊಡೆಯುವುದು, ಮುಖಕ್ಕೆ ನೀರೆರಚುವುದು ಬೇಡ. ಅದರಿಂದ ಮರಿ ಕಲಿಯುವುದು ನಿಮ್ಮ ಭಯವನ್ನು ಮಾತ್ರ.

ನೀರಿನ ಬದಲು ಹಾಲಿಟ್ಟರಾಯಿತು ಎನ್ನುವವರಿದ್ದಾರೆ. ದನದ ಹಾಲು ಅನೇಕ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿ.ಲೀ. ನೀರು ಬೇಕು. ಆಹಾರದಲ್ಲಿರುವ ನೀರೂ ಇದರಲ್ಲಿ ಸೇರಿತು. ಚೆಲ್ಲದೆಯೂ ಬಟ್ಟಲು ಬೇಗ ಬೇಗ ಬರಿದಾಗತೊಡಗಿದರೆ ಪಶುವೈದ್ಯರಿಗೆ ತೋರಿಸಿ. ಬಚ್ಚಲಿನ ಬಕೆಟಿಗೂ ವುಝೂವಿನ ತೊಟ್ಟಿಗೂ ಮುಚ್ಚಳ ಇರಲಿ. ನೀರಿಗೆ ಕಾಲು ಹಾಕುವ ಮರಿ ಒಳಗೆ ಬಿದ್ದರೆ ನುಣುಪಾದ ಬದಿ ಹಿಡಿದು ಮೇಲೆ ಬರಲಾರದು.